ಎಡಗಡೆ ಸೀಟು

ಕಾಶೀನಾಥನ ಕಾರಿನ ಮುಂದಿನ ಎಡಗಡೆ ಸೀಟು ಒಂದು ವಾರ ನನ್ನ ಮನೆಯ ಕಟ್ಟೆಯ ಮೇಲಿತ್ತು. ಓಣಿಯಲ್ಲಿ ಹೋಗಿಬರುವವರೆಲ್ಲ ನಿಂತು, "ಏನ್ ಪದ್ಮಕ್ಕೋರೆ, ಕಾರು ತಗೊಂಡ್ರೇನು? ಉಳಿದದ್ದು ಯಾವಾಗ ಬರ್ತದ?" ಎಂದು ಕೇಳಿದರು. ನಾನು ಶಹಾಬಾದಿನ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಊರಿನವರ ಮೇಲೆ ರೇಗುತ್ತಲೇ ನಿವೃತ್ತಳಾದವಳು. ಇಂಥ ಕುಹಕಕ್ಕೆ ತಿರುಗಿ ಕೊಡುವುದು ನನಗೇನೂ ಹೊಸದಲ್ಲ. ಆದರೆ ಆ ವಾರ ಬಾಯಿ ಬರಲಿಲ್ಲ. ಆ ಸೀಟು ಯಾರದು, ಯಾಕೆ ಬಿಚ್ಚಿದ್ದು ಎಂಬುದು ಗೊತ್ತಿದ್ದರಿಂದ ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಕಾಶೀನಾಥ ನಮ್ಮ ಗೋಡೆಯ ಆಚೆ ಮನೆಯವನು. ವಯಸ್ಸು ನಲವತ್ತರ ಹತ್ತಿರ. ಅವನ ತಂದೆ ಫರಸಿ ಪಾಲಿಶ್ ಮಾಡಿಸುವ ಕಸುಬು ಇಟ್ಟುಕೊಂಡಿದ್ದರು. ಫರಸಿ ಎಂದರೆ ನಮ್ಮೂರಿನ ನೆಲದೊಳಗಿಂದ ಪದರಪದರವಾಗಿ ಏಳುವ ಬೂದುಬಣ್ಣದ ಚಪ್ಪಡಿ ಕಲ್ಲು. ದೂರದ ಊರಿನವರು ಅದನ್ನು ಲಾರಿಯಲ್ಲಿ ತರಿಸಿ ಅಡುಗೆಮನೆಗೆ ಹಾಸಿಕೊಂಡು ಬೀಗುತ್ತಾರೆ. ನಮಗೆ ಅದು ಎಲ್ಲದಕ್ಕೂ ಬೇಕು. ಬಚ್ಚಲಿಗೆ ಫರಸಿ, ಬಾವಿಯ ಬಾಯಿಗೆ ಫರಸಿ, ಕೋಳಿ ಗೂಡಿಗೆ ಫರಸಿ, ಮಂಚದ ಕಾಲು ಮುರಿದರೆ ಅದರಡಿಗೂ ಫರಸಿ. ಕಾಶೀನಾಥ ಹುಡುಗನಾಗಿದ್ದಾಗ ಲಾರಿಗೆ ಹೇರುತ್ತಿದ್ದ ಒಂದು ಫರಸಿ ಜಾರಿ ಅವನ ಎಡ ಮೊಣಕಾಲಿನ ಮೇಲೆ ಬಿತ್ತು. ಅಂದಿನಿಂದ ಸಮನೆಲದ ಮೇಲೆ ಕುಂಟುತ್ತ ನಡೆದಾನು, ಕಾರಿನ ಕ್ಲಚ್ ತುಳಿದಾನು, ಏರು ಮಾತ್ರ ಹತ್ತಲಾರ. ನಾಲ್ಕು ಮೆಟ್ಟಿಲು ಏರಿದರೆ ಅವನ ಹಣೆಯ ತುಂಬ ಬೆವರು.

ದೊಡ್ಡವನಾದ ಮೇಲೆ ಅವನಿಗೆ ಸಿಕ್ಕಿದ್ದು ವಾಡಿ ರಸ್ತೆಯ ತೂಕದ ಕಾಟಾದಲ್ಲಿ ಕೆಲಸ. ಲಾರಿ ಬಂದು ಕಾಟಾದ ಮೇಲೆ ನಿಲ್ಲುತ್ತದೆ, ಇವನು ಕಿಟಕಿಯೊಳಗಿಂದ ಅಂಕಿ ನೋಡಿ ಚೀಟಿ ಹರಿದು ಕೊಡುತ್ತಾನೆ. ಖಾಲಿ ಲಾರಿ ತೂಗಿಸುವಾಗ ಕೆಲವು ಡ್ರೈವರುಗಳು ಆಮೇಲೆ ಹೇರುವ ಮಾಲು ಕಡಿಮೆ ಕಾಣಲೆಂದು ಸೀಟಿನಡಿ ಕಲ್ಲು ಬಚ್ಚಿಟ್ಟು ತೂಕ ಹೆಚ್ಚಿಸಿ ತೋರಿಸುವುದುಂಟು. ಕಾಶೀನಾಥನ ಮುಂದೆ ಆ ಆಟ ನಡೆಯುತ್ತಿರಲಿಲ್ಲ. ಲಾರಿ ಕಾಟಾ ಏರುವ ರೀತಿ ನೋಡಿಯೇ, "ಇಳೀರಿ ಸಾಹೇಬ್ರ, ಸೀಟಿನ ಕೆಳಗ ಕುಂತವರನ್ನೂ ಇಳಿಸ್ರಿ" ಎನ್ನುತ್ತಿದ್ದ. ಅವನ ಈ ಜಾಣತನವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮದುವೆ ತಡವಾಯಿತು. ಕುಂಟನಿಗೆ ಯಾರು ಹೆಣ್ಣು ಕೊಟ್ಟಾರು ಎಂದು ಓಣಿ ಆಡಿಕೊಳ್ಳುತ್ತಿದ್ದಾಗ ಸೇಡಂನ ಶೈಲಶ್ರೀ ಒಪ್ಪಿ ಬಂದಳು. ಮೆತ್ತಗಿನ ಮಾತಿನ ಹುಡುಗಿ, ಆದರೆ ಹಿಡಿದದ್ದು ಬಿಡುವವಳಲ್ಲ. ಸಂಜೆ ಇಬ್ಬರೂ ನನ್ನ ಕಟ್ಟೆಗೆ ಬಂದು ಶೇಂಗಾ ಸುಲಿಯುತ್ತ ಕೂಡುತ್ತಿದ್ದರು. ಒಬ್ಬರು ಸುಲಿದದ್ದನ್ನು ಇನ್ನೊಬ್ಬರ ಕಡೆ ಸರಿಸುವುದು, ಕೊನೆಗೆ ಯಾರೂ ತಿನ್ನದೆ ಅದೆಲ್ಲ ನನ್ನ ಪಾಲಿಗೆ ಬರುವುದು. ವರ್ಷ ತುಂಬುವ ಮೊದಲೇ ಅವಳಿಗೆ ಶಿಕ್ಷಕಿ ನೌಕರಿಯ ಆದೇಶ ಬಂತು. ಚಿಂಚೋಳಿ ತಾಲೂಕು, ಚಂದ್ರಂಪಳ್ಳಿ ಕೆರೆಯಿಂದಾಚೆ ಗುಡ್ಡದ ನೆತ್ತಿಯ ಮೇಲೊಂದು ಸಣ್ಣ ಊರು. ಸರಕಾರಿ ನೌಕರಿಯನ್ನು ಬೇಡ ಎನ್ನುವವರುಂಟೇ? ನಗಬೇಕೋ ಅಳಬೇಕೋ ತಿಳಿಯದ ಮುಖ ಮಾಡಿಕೊಂಡು ಇಬ್ಬರೂ ಓಣಿಗೆಲ್ಲ ಪೇಢೆ ಹಂಚಿದರು.

ಆಗಲೇ ಅವನು ಹಳೆಯ ಮಾರುತಿ ಕಾರೊಂದನ್ನು ಕೊಂಡದ್ದು. ಶನಿವಾರ ಮಧ್ಯಾಹ್ನ ಚಿತ್ತಾಪುರ, ಸೇಡಂ ದಾಟಿ ಗುಡ್ಡದ ಬುಡಕ್ಕೆ ಹೋಗಿ ನಿಲ್ಲುವುದು, ಅವಳು ಶಾಲೆ ಬಿಟ್ಟು ನಡೆದು ಇಳಿದು ಬರುವುದು, ಇಬ್ಬರೂ ಶಹಾಬಾದಕ್ಕೆ. ಭಾನುವಾರ ಹೊತ್ತು ಮುಳುಗುವ ಮೊದಲು ಮತ್ತೆ ಗುಡ್ಡದ ಬುಡ. ಅವಳು ಏರಿ ಹೋಗುವಾಗ ಇವನು ಕಾರಿನ ಪಕ್ಕ ನಿಂತು ನೋಡುತ್ತಿರುತ್ತಿದ್ದ. ನೆತ್ತಿ ಮುಟ್ಟಿದ ಮೇಲೆ ಅವಳು ಮೊಬೈಲಿನ ದೀಪ ಹಚ್ಚಿ ಆಡಿಸಿದರೆ, ಇವನು ಕಾರಿನ ದೀಪ ಹಾಕಿ ಆರಿಸಿ ಹೊರಡುತ್ತಿದ್ದ. ಅಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದದ್ದು ಶಾಲೆಯ ನೀರಿನ ಟಾಕಿಯ ಬಳಿ ಮಾತ್ರ. ಅವಳು ಟಾಕಿಗೆ ಒರಗಿ ನಿಂತು ಮಾತಾಡುವಳು, ಇವನು ನಮ್ಮ ಅಂಗಳದಲ್ಲಿ ಕುಂಟುತ್ತ ತಿರುಗುವನು. ಏನು ಉಂಡೆ, ಏನು ಉಟ್ಟೆ, ಇಷ್ಟೇ ಮಾತು. ಆ ಮಾತು ಮುಗಿದ ಮೇಲೂ ಫೋನನ್ನು ಕಿವಿಗೆ ಹಿಡಿದುಕೊಂಡೇ ನಿಂತಿರುತ್ತಿದ್ದ.

ಅವಳನ್ನು ಮೊದಲ ಸಲ ಬಿಡಲು ಹೋದಾಗ, ಬಾಡಿಗೆ ಮನೆಯ ಒಡತಿ ಚಂದಮ್ಮ ಸಾಮಾನು ಹೊರಲು ಜನರನ್ನು ಕರೆದುಕೊಂಡು ಗುಡ್ಡದ ಬುಡಕ್ಕೆ ಇಳಿದು ಬಂದಿದ್ದಳು. "ಮ್ಯಾಲ ಬರ್ರಿ, ಒಂದ್ ರೊಟ್ಟಿ ತಿಂದು ಹೋಗ್ರಿ" ಎಂದಳಂತೆ. ಕಾಶೀನಾಥ ಎದೆ ಸೆಟೆದು, "ಬರ್ತೀನ್ರಿ ಯವ್ವಾ. ನನ್ನ ಗಾಡ್ಯಾಗೇ ಬರ್ತೀನಿ. ನಿಮ್ಮ ಮನಿ ಬಾಗಲಾಗ ನಿಲ್ಲಸ್ತೀನಿ ನೋಡ್ರಿ" ಎಂದುಬಿಟ್ಟ. ಅಲ್ಲಿಗೆ ಮುಗಿಯಿತು. ಸಂತೆಯ ದಿನ ಜನರನ್ನು ಹೇರಿಕೊಂಡು ಗುಡ್ಡ ಏರುವ ಟಂಟಂ ಗಾಡಿಗಳಿದ್ದವು. ಅದರಲ್ಲಿ ಕೂತು ಹೋಗಬಾರದೇ ಎಂದು ನಾನು ಎಷ್ಟೋ ಸಲ ಬೈದಿದ್ದೇನೆ. "ಹೆಂಡ್ತಿ ಮನಿಗಿ ಬಾಡಿಗಿ ಗಾಡ್ಯಾಗ ಹೋಗ್ಲೇನ್ರಿ ಅಕ್ಕೋರೆ? ಮಾತು ಕೊಟ್ಟೀನಿ" ಎನ್ನುತ್ತಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಂಡಸರಿಗೆ ನಾನು ಏನು ಹೇಳಲಿ?

ಕಾರಿಗೆ ಮಾತ್ರ ಅವನ ಮಾತಿನ ಗೊಡವೆ ಇರಲಿಲ್ಲ. ಗುಡ್ಡದ ಅರ್ಧದಲ್ಲಿ ಹುಣಸೆಮರದ ತಿರುವು ಇದೆ. ಅಲ್ಲಿಂದ ರಸ್ತೆ ಎದ್ದು ನಿಲ್ಲುತ್ತದೆ. ತಿಂಗಳಿಗೊಂದು ಶನಿವಾರವಾದರೂ ಅವನು ಬುಡದಲ್ಲಿ ನಿಲ್ಲದೆ ಏರಿಸಿ ನೋಡುತ್ತಿದ್ದ. ಪ್ರತಿ ಸಲವೂ ಕಾರು ಆ ತಿರುವಿಗೆ ಬಂದು ನಡುಗಿ, ಕ್ಲಚ್ ಸುಟ್ಟ ವಾಸನೆ ಬಿಟ್ಟು ನಿಂತುಬಿಡುತ್ತಿತ್ತು. ಇವನು ಚಕ್ರಕ್ಕೆ ಕಲ್ಲು ಕೊಟ್ಟು ಕೂಡುವನು. ಅವಳು ಮಾಡಿಟ್ಟ ಅಡುಗೆಯನ್ನು ಡಬ್ಬಿಗೆ ತುಂಬಿಕೊಂಡು ಇಳಿದು ಬರುವಳು. ಎಡಗಡೆ ಸೀಟಿನಲ್ಲಿ ಅವಳು, ಬಲಗಡೆ ಅವನು, ನಡುವೆ ಗೇರಿನ ಪಕ್ಕ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಉಂಡು ಮುಗಿಸಿ ಕಾರನ್ನು ಹಿಂದಕ್ಕೆ ಇಳಿಸುವುದು. ನಾಲ್ಕು ವರ್ಷ ಅವರ ಸಂಸಾರ ನಡೆದದ್ದು ಭಾನುವಾರಗಳಲ್ಲಿ ಮತ್ತು ಆ ಎರಡು ಸೀಟುಗಳ ಮೇಲೆ.

ಈ ವರ್ಷ ವರ್ಗಾವಣೆಯ ಕೌನ್ಸೆಲಿಂಗ್‌ನಲ್ಲಿ ಅವಳ ಹೆಸರು ಬಂತು. ಚಿತ್ತಾಪುರ ತಾಲೂಕಿನ ಶಾಲೆ, ಮನೆಯಿಂದಲೇ ದಿನಾ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಕಾಶೀನಾಥ ಮತ್ತೆ ಪೇಢೆ ತಂದ. ಆ ಭಾನುವಾರ ಕಟ್ಟೆಯ ಮೇಲೆ ಕೂತಿದ್ದ ಶೈಲಶ್ರೀ ಪೇಢೆಯನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು.

"ಯಾಕ, ತಿನ್ನವಲ್ಲಿ?" ಎಂದು ಅವನು ಕೇಳಿದ.

"ಮುಂದಿನ ಶನಿವಾರ ಸಾಲಿ ಬಿಡ್ತೀನಿ. ಅಂದೇ ಮನಿ ಖಾಲಿ ಮಾಡಬೇಕು. ನಾಕು ವರ್ಷ ನಾ ಇದ್ದ ಮನಿ ನೀವು ಒಮ್ಮಿನೂ ನೋಡ್ಲಿಲ್ಲ. ಎಲ್ಲಿ ಒಲಿ ಹಚ್ಚತಿದ್ದೆ, ಎಲ್ಲಿ ಮಲಗತಿದ್ದೆ, ನಿಮಗೇನೂ ಗೊತ್ತಿಲ್ಲ. ನೀವೇ ನೋಡ್ಲಿಲ್ಲ ಅಂದ್ರ, ನಾ ಅಲ್ಲಿ ಇದ್ದೆ ಅನ್ನೂದು ಯಾರಿಗಿ ಗೊತ್ತರೀ?"

ಅವಳು ಜಗಳದ ಧ್ವನಿಯಲ್ಲಿ ಹೇಳಲಿಲ್ಲ. ಅದಕ್ಕೇ ಅದು ಅವನಿಗೆ ತಾಕಿತು. ನನಗೂ ತಾಕಿತು. ಹತ್ತಿರ ಬರುತ್ತಾಳೆಂಬ ಸಡಗರದಲ್ಲಿ ನಾವು ಆ ನಾಲ್ಕು ವರ್ಷಗಳನ್ನು ಕಸದ ಹಾಗೆ ಗುಡಿಸಿ ಹಾಕಲು ಹೊರಟಿದ್ದೆವು. ಅವಳು ಅಲ್ಲಿ ಒಬ್ಬಳೇ ಬದುಕಿದ್ದಳು.

"ಈ ಸಲ ನೀ ಇಳದು ಬರಬ್ಯಾಡ. ಅಡಗಿ ಮಾಡಿ ಮನ್ಯಾಗೇ ಇರು. ನಾ ಬರ್ತೀನಿ" ಎಂದ ಕಾಶೀನಾಥ.

ಸೋಮವಾರ ಮೆಕಾನಿಕ್ ಫರ್ಹಾನ್ ಬಂದು ಬಾನೆಟ್ ಎತ್ತಿ ನೋಡಿ ತಲೆ ಆಡಿಸಿದ. "ಇಂಜಿನ್‌ದಾಗ ದಮ್ ಇಲ್ಲ ಕಾಶಣ್ಣ. ಬಿಚ್ಚಿ ಕೆಲಸ ಮಾಡಬೇಕಂದ್ರ ಸಾಮಾನು ಹೈದರಾಬಾದದಿಂದ ಬರಬೇಕು, ವಾರದಾಗ ಆಗಂಗಿಲ್ಲ. ವಜ್ಜಿ ಕಮ್ಮಿ ಮಾಡ್ರಿ. ಹತ್ತಿದ್ರೂ ಹತ್ತಬಹುದು."

ಭಾರ ಕಡಿಮೆ ಮಾಡು ಎಂದರೆ ಸಾಕು, ಕಾಶೀನಾಥ ಬೋಲ್ಟು ಬಿಚ್ಚುವ ಪಾನಾ ಹಿಡಿದು ಕೂತ. ಮೊದಲು ಹೋದದ್ದು ಸ್ಟೆಪ್ನಿ ಚಕ್ರ, ಜಾಕು. ಆಮೇಲೆ ಹಿಂದಿನ ಉದ್ದ ಸೀಟು. ಬಾಗಿಲುಗಳ ಒಳಮೈಯ ಹಲಗೆ, ಚಾವಣಿಗೆ ಅಂಟಿದ್ದ ಬಟ್ಟೆ, ಟೇಪ್ ರೆಕಾರ್ಡರ್, ಅದರ ಸ್ಪೀಕರ್ ಡಬ್ಬಿಗಳು, ಕಾಲಡಿಯ ಮ್ಯಾಟು. ದಿನಾ ಕೆಲಸಕ್ಕೆ ಹೋಗುವಾಗ ಕಾರನ್ನು ಕಾಟಾದ ಮೇಲೆ ನಿಲ್ಲಿಸಿ ತೂಗುವನು, ಸಂಜೆ ಬಂದು ಎಷ್ಟು ಇಳಿಯಿತೆಂದು ನನಗೆ ಹೇಳುವನು. ಮದುವೆ ನಿಶ್ಚಯವಾದ ಹುಡುಗಿ ತೂಕ ನೋಡಿಕೊಂಡು ಹಿಗ್ಗುವುದನ್ನು ಕಂಡಿದ್ದೇನೆ, ಗಂಡಸೊಬ್ಬ ಕಾರಿನ ತೂಕಕ್ಕೆ ಹಿಗ್ಗಿದ್ದನ್ನು ಅದೇ ಮೊದಲು ಕಂಡದ್ದು. ಇಳಿದ ಅಂಕಿಯನ್ನು ನೋಡಿ ನೋಡಿ ಖುಷಿಪಟ್ಟನೇ ಹೊರತು, ಉಳಿದ ಅಂಕಿ ಯಾಕೆ ಇನ್ನೂ ಅಷ್ಟಿದೆ ಎಂದು ಆ ಪುಣ್ಯಾತ್ಮ ಕೇಳಿಕೊಳ್ಳಲಿಲ್ಲ.

ಗುರುವಾರ ಅವನು ಎಡಗಡೆ ಸೀಟಿಗೆ ಕೈ ಹಾಕಿದ. ನನಗೆ ತಡೆಯಲಾಗಲಿಲ್ಲ.

"ಅದ್ಯಾಕೋ? ಅಕಿ ಎಲ್ಲಿ ಕೂಡಬೇಕು?"

"ಹೋಗೂಮುಂದ ನಾ ಒಬ್ಬನೇ ಅಲ್ರೀ ಅಕ್ಕೋರೆ. ಬರೂಮುಂದ ಇಳಕಲು. ಕೌದಿ ಹಾಸ್ತೀನಿ, ಕೂಡ್ತಾಳ."

ಬೋಲ್ಟು ಬಿಚ್ಚಿ ಸೀಟು ಎತ್ತಿದಾಗ ಅಡಿಯಲ್ಲಿ ತಲೆಪಿನ್ನುಗಳು, ಒಡೆದ ಹಸಿರು ಬಳೆಯ ಚೂರು, ಶೇಂಗಾ ಸಿಪ್ಪೆ, ಒಣಗಿದ ಮಲ್ಲಿಗೆಯ ದಾರ ಸಿಕ್ಕವು. ತಲೆ ಒರಗುವ ಕಡೆ ಅವಳ ಕೊಬ್ಬರಿ ಎಣ್ಣೆಯ ಕಲೆ. ಸಿಪ್ಪೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಅವನು ಜೇಬಿಗೆ ಹಾಕಿಕೊಂಡ. ಅವನ ಮನೆಯಲ್ಲಿ ಜಾಗವಿಲ್ಲದ್ದಕ್ಕೆ ಸೀಟು ನನ್ನ ಕಟ್ಟೆಗೆ ಬಂತು. ಆ ಸಂಜೆ ಬಂದು ಅದರ ಪಕ್ಕದಲ್ಲಿ, ನೆಲದ ಮೇಲೆ ಎಡಗಾಲು ಚಾಚಿಕೊಂಡು ಕೂತ. ಸೀಟಿನ ಮೇಲೇ ಕೂಡೋ ಮಾರಾಯ ಎಂದೆ. "ಬ್ಯಾಡ್ರಿ" ಎಂದ. ಶನಿವಾರ ಇನ್ನೂ ದೂರವಿದೆ ಎನ್ನುವ ಹಾಗೆ ಬೀದಿಯನ್ನೇ ನೋಡುತ್ತಿದ್ದ.

ಶುಕ್ರವಾರ ಕಾರನ್ನು ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ನಿಲ್ಲಿಸಿದ. ಫರ್ಹಾನನ ತಾಯಿ ರಶೀದಾಬೇಗಂ ನೋಡಲು ಬಂದು, "ಮಾಶಾಲ್ಲಾ, ಒಳಗ ಮನಿ ನೆಲ ಇದ್ದಂಗ ಅದ" ಎಂದಳು. ಹೌದು, ತಣ್ಣಗೆ, ಬೂದುಬಣ್ಣದಲ್ಲಿ ಹೊಳೆಯುತ್ತಿತ್ತು. ನಾನೂ ಬಗ್ಗಿ ನೋಡಿ ಭೇಷ್ ಎಂದೆ. ಫರ್ಹಾನ್ ಬಾಗಿಲು ತೆರೆದು ಮುಚ್ಚಿ, "ಇನ್ನೇನೂ ಉಳದಿಲ್ಲ ಅಣ್ಣಾ, ಇನ್ನ ನೀವೇ ಇಳೀಬೇಕು" ಎಂದು ನಕ್ಕ. ನಾನೂ ಬರುತ್ತೇನೆ ಎಂದದ್ದಕ್ಕೆ ಕಾಶೀನಾಥ ನನ್ನನ್ನು ತಲೆಯಿಂದ ಕಾಲಿನ ತನಕ ಕಾಟಾದ ಕಣ್ಣಿನಿಂದ ನೋಡಿ, "ಮುಂದಿನ ಸಲ ಬರ್ರಿ ಅಕ್ಕೋರೆ" ಎಂದ. ಮುಂದಿನ ಸಲ ಎನ್ನುವುದೇ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮುಂದಿನದೆಲ್ಲ ಶೈಲಶ್ರೀ ಹೇಳಿದ್ದು. ಈಗ ಅವಳು ದಿನಾ ಚಿತ್ತಾಪುರದ ಬಸ್ಸಿಳಿದು ನನ್ನ ಕಟ್ಟೆ ದಾಟಿಯೇ ಮನೆಗೆ ಹೋಗುತ್ತಾಳೆ. ಕೂತರೆ ಒಮ್ಮೊಮ್ಮೆ ಆ ಶನಿವಾರದ ಮಾತು ತೆಗೆಯುತ್ತಾಳೆ.

ಅಂದು ಅವಳು ಶಾಲೆಯಲ್ಲಿ ಎಲ್ಲರಿಗೂ ಕೈಮುಗಿದು ಬಂದು, ಅಡುಗೆ ಮಾಡಿಟ್ಟು, ಬಾಗಿಲಲ್ಲಿ ನಿಂತಿದ್ದಳಂತೆ. ಗುಡ್ಡದ ಕೆಳಗಿನಿಂದ ಕಾರಿನ ಸದ್ದು ಕೇಳಿತು. ಆ ಸದ್ದು ಅವಳಿಗೆ ಎಲ್ಲಿದ್ದರೂ ಗೊತ್ತಾಗುತ್ತದೆ. ಏರುತ್ತ ಬಂತು, ಬಂತು, ಹುಣಸೆಮರದ ಹತ್ತಿರ ಬಂದು ನಿಂತಿತು. ಚಂದಮ್ಮ ಒಳಗಿನಿಂದ, "ಬಂದ್ರೇನವ್ವಾ?" ಎಂದು ಕೂಗಿದಳು. ಶೈಲಶ್ರೀ ಅಂಗಳದ ಅಂಚಿಗೆ ಹೋಗಿ ನಿಂತಳು. ಸದ್ದು ಮತ್ತೆ ಎದ್ದಿತು, ಒದ್ದಾಡಿತು, ಆರಿತು. ಸ್ವಲ್ಪ ಹೊತ್ತು ಕಾದಳು. ಆಮೇಲೆ ಡಬ್ಬಿ ತೆಗೆದುಕೊಳ್ಳದೆ, ಬರಿಗೈಯಲ್ಲಿ ಇಳಿದು ಹೋದಳು.

ಕಾಶೀನಾಥ ಸ್ಟೀರಿಂಗಿನ ಮೇಲೆ ಹಣೆ ಇಟ್ಟುಕೊಂಡಿದ್ದ. ಅವಳು ಎಂದಿನಂತೆ ಎಡಗಡೆ ಬಾಗಿಲು ತೆರೆದಳು. ಕೂಡಲು ಏನೂ ಇರಲಿಲ್ಲ.

"ನನ್ನ ಸೀಟ್ ಎಲ್ಲಿರೀ?"

"ತೆಗದೀನಿ. ನಿನ್ನ ತನಕ ಬರಲಿಕ್ಕಂತ ತೆಗದೀನಿ. ಎಲ್ಲಾ ತೆಗದೀನಿ. ಆದ್ರೂ ಹತ್ತವಲ್ದು" ಎಂದ. ಅವನ ಕಣ್ಣಲ್ಲಿ ನೀರಿತ್ತು. ಮದುವೆಯಾದಾಗಿನಿಂದ ಅವನು ಅತ್ತದ್ದನ್ನು ನೋಡಿರಲಿಲ್ಲ ಎಂದಳು ಶೈಲಶ್ರೀ.

ಅವಳು ಒಳಗೆ ಹೋಗಿ, ಅವನ ಪಕ್ಕ, ಬರಿ ನೆಲದ ಮೇಲೆ ಕೂತಳು. ಎರಡೂ ಅಂಗೈ ಕೆಳಗೆ ಊರಿದಳು. ಅಂಗೈ ತಣ್ಣಗಾಯಿತು.

"ಇದೇನ್ರೀ?"

"ಯಾವ್ದು?"

"ಇದು. ಕೆಳಗಿಂದು."

"ನೆಲ."

"ನೆಲ ಎಲ್ಲಿರೀ? ಕಲ್ಲಿದು!"

ಕಾಶೀನಾಥ ನೋಡಿದ. ಮೊದಲ ಮಳೆಗಾಲದಲ್ಲಿ ಕಾರಿನ ತಳ ತುಕ್ಕು ಹಿಡಿದು ತೂತಾದಾಗ ಅವನು ತಂದೆಯ ಕಾಲದ ಪಾಲಿಶ್ ಫರಸಿ ತಂದು, ಅಳತೆಗೆ ಕತ್ತರಿಸಿ, ಮುಂದೆ ಹಿಂದೆ ಎಲ್ಲ ಕಡೆ ಹಾಸಿ, ಅಂಚಿಗೆ ಸಿಮೆಂಟ್ ಹಾಕಿದ್ದ. ಮೇಲೆ ಮ್ಯಾಟು. ಒಬ್ಬ ದಪ್ಪ ಮನುಷ್ಯನಿಗಿಂತ ಹೆಚ್ಚು ತೂಕದ ಕಲ್ಲನ್ನು ಕಾರು ನಾಲ್ಕು ವರ್ಷ ಹೊತ್ತು ತಿರುಗಿತ್ತು. ಆ ವಾರ ಮ್ಯಾಟು ತೆಗೆದ ಮೇಲೆ ಅದನ್ನು ಅವನು ನೋಡಿದ್ದ, ಒರೆಸಿದ್ದ. ಫರ್ಹಾನ್ ನೋಡಿದ್ದ, ರಶೀದಾಬೇಗಂ ಹೊಗಳಿದ್ದಳು, ನಾನು ಭೇಷ್ ಎಂದಿದ್ದೆ. ನಮ್ಮಲ್ಲಿ ಒಬ್ಬರಿಗೂ ಅದು ಕಲ್ಲಾಗಿ ಕಾಣಲಿಲ್ಲ. ಶಹಾಬಾದಿನವರಿಗೆ ಫರಸಿ ಎಂದರೆ ನೆಲ, ನೆಲವನ್ನು ಯಾರು ತೂಗುತ್ತಾರೆ? ಊರ ಲಾರಿಗಳ ಸೀಟಿನಡಿಯ ಕಲ್ಲು ಹಿಡಿದವನು ತನ್ನ ಕಾಲಡಿಯದನ್ನು ಕಾಣಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳುವುದಿಲ್ಲ.

"ನಿನಗ ಹ್ಯಾಂಗ ಕಂಡಿತೇ?" ಎಂದು ನಾನು ಶೈಲಶ್ರೀಯನ್ನು ಕೇಳಿದ್ದೆ.

"ಅಲ್ಲಿ ಮಣ್ಣಿನ ನೆಲ ಅಕ್ಕೋರೆ. ಶನಿವಾರ ಶನಿವಾರ ಸಗಣಿ ಸಾರಸತಿದ್ದೆ. ಕೈಗಿ ಆ ನೆಲಾನೇ ರೂಢಿ ಆಗಿತ್ತು" ಎಂದಳು. ನಾಲ್ಕು ವರ್ಷದಲ್ಲಿ ಅವಳ ಅಂಗೈಗೆ ನಮ್ಮ ಊರಿನ ನೆಲ ಪರಕೀಯವಾಗಿತ್ತು, ನಾವು ಯಾರೂ ಅದನ್ನು ಗಮನಿಸಿರಲಿಲ್ಲ.

ಜಾಕು, ಪಾನಾ ಎಲ್ಲ ಶಹಾಬಾದಿನಲ್ಲಿ ಬಿಟ್ಟು ಬಂದಿದ್ದ ಮಹಾಶಯ ಈಗ ಯಾತರಿಂದ ಕೀಳಬೇಕು? ಚಕ್ರಕ್ಕೆ ಕೊಟ್ಟ ಕಲ್ಲಿನಂಥದೇ ಇನ್ನೊಂದನ್ನು ಹುಡುಕಿ ಸಿಮೆಂಟಿನ ಅಂಚು ಜಜ್ಜಿದರು. ಒಂದೊಂದಾಗಿ ಫರಸಿಗಳು ಎದ್ದವು. ಅವನು ಒಳಗಿನಿಂದ ನೂಕಿದ, ಅವಳು ಸೆರಗು ಸಿಕ್ಕಿಸಿಕೊಂಡು ಹೊರಗಿನಿಂದ ಎಳೆದಳು. ಎಲ್ಲವನ್ನೂ ಹುಣಸೆಮರದ ಬುಡದಲ್ಲಿ ಒಟ್ಟಿದರು. ಈಗ ಟಂಟಂ ಕಾಯುವವರು ಅದರ ಮೇಲೆ ಕೂಡುತ್ತಾರಂತೆ.

ಕಾರು ಏರಿತು. ನರಳಿತು, ಆದರೆ ಏರಿತು. ತಳದ ತೂತಿನಲ್ಲಿ ಕೆಂಪು ರಸ್ತೆ ಹಿಂದಕ್ಕೆ ಓಡುತ್ತಿತ್ತು. ಶೈಲಶ್ರೀ ಹಿಂದುಗಡೆ ಗಟ್ಟಿ ತಗಡಿನ ಮೇಲೆ ಕೌದಿ ಹಾಸಿ ಕೂತು, ಅವನ ಸೀಟನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ನೆತ್ತಿ ಮುಟ್ಟಿದಾಗ ದೂರದಲ್ಲಿ ಚಂದ್ರಂಪಳ್ಳಿಯ ನೀರು ಕಂಡಿತು. "ನೋಡ್ರಿ, ದಿನಾ ಇದನ್ನ ನೋಡತಿದ್ದೆ" ಎಂದಳು. ಅವನು ಕಾರು ನಿಲ್ಲಿಸದೆ ಚಂದಮ್ಮನ ಬಾಗಿಲಿಗೇ ಒಯ್ದು ನಿಲ್ಲಿಸಿದ.

ಕಟ್ಟಿಟ್ಟ ಗಂಟುಗಳ ನಡುವೆ ಒಂದೇ ಕೋಣೆ. ಅವಳು ಒಂದೊಂದನ್ನೂ ತೋರಿಸಿದಳು. ಇದು ಒಲೆ, ಇಲ್ಲಿ ನೀರಿನ ಕೊಡ, ಈ ಕಿಟಕಿಯಿಂದ ಬೆಳಗಿನ ಬಿಸಿಲು, ಇಲ್ಲಿ ನನ್ನ ಹಾಸಿಗೆ. ಗೋಡೆಗೆ ಒರಗಿಸಿ ಒಂದು ಕುರ್ಚಿ ಇತ್ತು. ಕುಶನ್ ಹಾಕಿದ ಹೊಸ ಕುರ್ಚಿ, ಅಂಗಡಿಯ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ.

"ಇದ್ಯಾವಾಗ ತಗೊಂಡಿ?" ಎಂದ ಕಾಶೀನಾಥ.

ಬಾಗಿಲಲ್ಲಿ ನಿಂತಿದ್ದ ಚಂದಮ್ಮ ಹೇಳಿದಳು: "ಬಂದ ಮೊದಲ ತಿಂಗಳಾಗೇ ತಂದಾಳ್ರಿ. ಅವರ ಕಾಲು ಪೂರಾ ಮಡಚಂಗಿಲ್ಲ, ನೆಲದ ಮ್ಯಾಲ ಕೂಡಲಿಕ್ಕಿ ಆಗಂಗಿಲ್ಲ ಅಂದ್ಲು. ಯಾರಿಗೂ ಕೂಡಗೊಟ್ಟಿಲ್ಲ. ತಾನೂ ಕೂತಿಲ್ಲ."

ನನ್ನ ಕಟ್ಟೆಯ ಮೇಲೆ ಅವಳ ಸೀಟಿನ ಪಕ್ಕ, ನೆಲದ ಮೇಲೆ ಆ ಕಾಲನ್ನು ಚಾಚಿಕೊಂಡು ಅವನು ಕೂತದ್ದು ಈ ಮಾತು ಕೇಳುವಾಗ ನನಗೆ ನೆನಪಾಯಿತು. ಶೈಲಶ್ರೀಗೆ ಅದನ್ನು ಹೇಳಲಿಲ್ಲ.

ಕಾಶೀನಾಥ ಕುರ್ಚಿಯ ಮೇಲೆ ಕೂತ. ಪ್ಲಾಸ್ಟಿಕ್ ಸದ್ದು ಮಾಡಿತು. ಅವಳು ತಾಟು ಅವನ ಕೈಗೆ ಕೊಟ್ಟು, ತಾನು ಎದುರಿಗೆ ಮಣ್ಣಿನ ನೆಲದ ಮೇಲೆ ಕೂತು ಬಡಿಸಿದಳು. ಅವನು ತಲೆ ತಗ್ಗಿಸಿ ಉಂಡ. ಉಂಡು ಕೈತೊಳೆದ. ಹೊತ್ತು ಇಳಿಯುತ್ತಿತ್ತು, ಗಂಟುಗಳನ್ನು ಕಾರಿಗೆ ಹಾಕಬೇಕಿತ್ತು. ಕುರ್ಚಿಯ ಕೈ ಹಿಡಿದು ಏಳಲು ಹೋದ.

"ಏಳಬ್ಯಾಡ್ರಿ" ಎಂದಳು ಶೈಲಶ್ರೀ. "ಇನ್ನೊಂಚೂರು ಕುಂದ್ರಿ. ಅದನ್ನ ಭಾಳ ದಿನ ಖಾಲಿ ನೋಡೀನಿ."

ಅವನು ಮತ್ತೆ ಕೂತನಂತೆ.